ಚೆಲ್ಲುವ ನೀರಿನಲ್ಲಿ ಅಂಡಾಣುವಿನ ಗುಣ: ಒಂದು ಹುಡುಕಾಟದ ಚರಿತ್ರೆ



ಕಳವಾರ ಬೆಟ್ಟದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಬಂದು ಶಿಡ್ಲಘಟ್ಟದ ರಸ್ತೆ ಹಿಡಿದರೆ ಹಿಪ್ಪುನೇರಳೆ ತೋಟಗಳು ನಿಮ್ಮ ಜೊತೆಗೇ ಬರುತ್ತವೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಬೆಳೆಸಿದ ಈ ಕಸುಬು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಸಿದೆ. ಒಬ್ಬರು ಹುಳು ಸಾಕುತ್ತಾರೆ, ಮತ್ತೊಬ್ಬರು ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ನಿಂತು ಗೂಡು ಕೊಂಡು ನೂಲು ಬಿಚ್ಚುತ್ತಾರೆ. ಹುಳು ಸಾಕುವ ಮನೆಯ ಹಿರಿಯರನ್ನು ಕೇಳಿ ನೋಡಿ. ಬೆಳೆ ನಿಲ್ಲುವುದು ಮೊಟ್ಟೆಯ ಮೇಲೆ, ಮೊಟ್ಟೆ ಕೆಟ್ಟಿದ್ದರೆ ಎಷ್ಟು ಸೊಪ್ಪು ಹಾಕಿದರೂ ಕೈಗೆ ಗೂಡು ಬರುವುದಿಲ್ಲ ಎಂದೇ ಹೇಳುತ್ತಾರೆ.

ಹಾಗಾದರೆ ಮೊಟ್ಟೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬಿತ್ತನೆ ಕೋಠಿಯವರು ಹೇಗೆ ತಿಳಿಯುತ್ತಾರೆ? ಮೊಟ್ಟೆಯನ್ನು ಒಡೆದು ನೋಡಿದರೆ ಮೊಟ್ಟೆಯೇ ಹೋಯಿತು. ಅದಕ್ಕಾಗಿ ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಅರೆದು, ಅದರ ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟುರೋಗದ ಹೊಳೆಯುವ ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. ಈ ಉಪಾಯವನ್ನು ಜಗತ್ತಿಗೆ ಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್. 1865ರಿಂದ 1870ರವರೆಗೆ ಅವರು ದಕ್ಷಿಣ ಫ್ರಾನ್ಸಿನ ರೇಷ್ಮೆ ಊರುಗಳಲ್ಲಿ ಹುಳುಗಳ ರೋಗದ ಮೇಲೆಯೇ ದುಡಿದರು. ಅವರು ಮೊಟ್ಟೆಯನ್ನು ಮುಟ್ಟದೆ, ಅದರ ಜೊತೆಗಿದ್ದುದನ್ನು ಪರೀಕ್ಷಿಸಿ ಅದರ ಗುಣ ತಿಳಿದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮಕ್ಕಳಿಲ್ಲದ ದಂಪತಿಗಳ ಚಿಕಿತ್ಸೆಯಲ್ಲಿ ವೈದ್ಯರು ಮಾಡಲು ಹೊರಟಿರುವುದೂ ಇದನ್ನೇ. ಆದರೆ ಅಲ್ಲಿ ಅದು ಇನ್ನೂ ಕೈಗೂಡಿಲ್ಲ. ಏಕೆ ಕೈಗೂಡಿಲ್ಲ ಎಂಬುದನ್ನು ತಿಳಿಯಲು ನಾವು ಸುಮಾರು 350 ವರ್ಷ ಹಿಂದಕ್ಕೆ ಹೋಗಬೇಕು.

ಹೆಣ್ಣಿನ ಅಂಡಾಶಯದಲ್ಲಿ ನೀರು ತುಂಬಿದ ಪುಟ್ಟ ಚೀಲಗಳಿವೆ. ಸ್ಕ್ಯಾನಿಂಗ್ ಮಾಡುವವರು ಇವನ್ನೇ 'ಫಾಲಿಕಲ್' ಎನ್ನುತ್ತಾರೆ. ತಿಂಗಳಿಗೆ ಸಾಮಾನ್ಯವಾಗಿ ಒಂದು ಚೀಲ ಮಾತ್ರ ಪೂರ್ತಿ ಬೆಳೆದು ಒಡೆಯುತ್ತದೆ. 1672ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ವೈದ್ಯ ರೆನಿಯರ್ ಡಿ ಗ್ರಾಫ್ ಈ ಚೀಲಗಳ ಬಗ್ಗೆ ವಿವರವಾದ ಗ್ರಂಥ ಬರೆದ. ಆತ ಮಾಡಿದ ಒಂದು ಪರೀಕ್ಷೆ ಅಡುಗೆಮನೆಯ ಪರೀಕ್ಷೆಯಂತೆಯೇ ಇದೆ: ಚೀಲವನ್ನು ಬೇಯಿಸಿದ. ಒಳಗಿನ ನೀರು ಕೋಳಿಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾಯಿತು, ಬಣ್ಣವೂ ರುಚಿಯೂ ಅದರಂತೆಯೇ ಇತ್ತು. ಹಕ್ಕಿಗಳಂತೆ ಮನುಷ್ಯರಲ್ಲೂ ಮೊಟ್ಟೆ ಇದೆ ಎಂದು ಆತ ಸಾರಿದ. ಆ ಮಾತು ನಿಜ. ಆದರೆ ಚೀಲವನ್ನೇ ಮೊಟ್ಟೆ ಎಂದು ತಿಳಿದದ್ದು ತಪ್ಪು. ಮೊಲಗಳ ಗರ್ಭನಾಳದಲ್ಲಿ ಕಂಡ ಮೊಟ್ಟೆಗಳು ಚೀಲಕ್ಕಿಂತ ಎಷ್ಟೋ ಪಟ್ಟು ಚಿಕ್ಕವು ಎಂಬುದು ಆತನ ಕಣ್ಣಿಗೂ ಬಿದ್ದಿತ್ತು. ಆ ಒಗಟು ಬಿಡಿಸುವಷ್ಟು ಆಯುಷ್ಯ ಅವನಿಗಿರಲಿಲ್ಲ. ಈ ಮೊಟ್ಟೆಗಳನ್ನು ಮೊದಲು ಕಂಡವರು ಯಾರು ಎಂಬ ವಿಷಯಕ್ಕೆ ತನ್ನ ಹಳೆಯ ಸಹಪಾಠಿ ಸ್ವಾಮರ್‌ಡಾಮ್ ಜೊತೆ ಕಹಿಯಾದ ಜಗಳ ನಡೆದು, 1673ರಲ್ಲಿ, ತನ್ನ 32ನೆಯ ವಯಸ್ಸಿನಲ್ಲಿ ತೀರಿಕೊಂಡ. ವಿಜ್ಞಾನದಲ್ಲಿ 'ಮೊದಲಿಗರು ಯಾರು' ಎಂಬ ಜಗಳ ಬಹಳ ಹಳೆಯದು. ನಮ್ಮ ದೇಶದಲ್ಲೂ ಅದು ಒಬ್ಬರ ಜೀವ ತೆಗೆಯಿತು. ಆ ಕಥೆಗೆ ಆಮೇಲೆ ಬರೋಣ.

ಒಗಟು ಬಿಡಿಸಿಕೊಂಡದ್ದು 1827ರಲ್ಲಿ. ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ಕೋನಿಗ್ಸ್‌ಬರ್ಗ್ ನಗರದಲ್ಲಿ ಒಂದು ಹೆಣ್ಣು ನಾಯಿಯ ಅಂಡಾಶಯವನ್ನು ನೋಡುತ್ತಿದ್ದರು. ಚೀಲದ ನೀರಿನೊಳಗೆ ಒಂದು ಹಳದಿ ಚುಕ್ಕೆ ಕಂಡಿತು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಅವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಅದೇ ನಿಜವಾದ ಅಂಡಾಣು. ಮನುಷ್ಯರ ಅಂಡಾಣು ಸುಮಾರು 0.1 ಮಿಲಿಮೀಟರ್ ಅಗಲವಿದೆ. ಪೂರ್ತಿ ಬೆಳೆದ ಚೀಲ ಸುಮಾರು 20 ಮಿಲಿಮೀಟರ್, ಅದರಲ್ಲಿ 3ರಿಂದ 4 ಮಿಲಿಲೀಟರಿನಷ್ಟು ನೀರು. ಒಂದು ಚಿಕ್ಕ ಚಮಚದಷ್ಟು ನೀರಿನಲ್ಲಿ ಒಂದು ಧೂಳಿನ ಕಣ ಇದ್ದಂತೆ. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಅಂಡಾಣುವಿನ ಮೇಲೆ ನೆಟ್ಟಿತು, ನೀರನ್ನು ಕೇಳುವವರು ಬಹುಕಾಲ ಯಾರೂ ಇರಲಿಲ್ಲ.

ಆ ನೀರಿಗೂ ಒಂದು ಕೆಲಸವಿದೆ ಎಂದು ತೋರಿಸಿದವರು ಅಮೆರಿಕದ ಸೇಂಟ್ ಲೂಯಿ ನಗರದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ. 1923ರಲ್ಲಿ ಅವರು ಕಸಾಯಿಖಾನೆಯಿಂದ ತಂದ ಹಂದಿಗಳ ಅಂಡಾಶಯದ ಚೀಲಗಳಿಂದ ನೀರು ತೆಗೆದು, ಅಂಡಾಶಯ ತೆಗೆದುಹಾಕಿದ ಇಲಿಗಳಿಗೆ ಚುಚ್ಚಿದರು. ಅಂಡಾಶಯವೇ ಇಲ್ಲದ ಇಲಿಗಳಲ್ಲಿ ಬೆದೆಯ ಲಕ್ಷಣಗಳು ಮರಳಿದವು. ಈಸ್ಟ್ರೋಜನ್ ಎಂಬ ಹೆಣ್ತನದ ಹಾರ್ಮೋನು ಹೀಗೆ ಆ ನೀರಿನಿಂದಲೇ ಬೆಳಕಿಗೆ ಬಂತು. ಮುಂದೆ ಡಾಯ್ಸಿಯವರ ತಂಡ ಸುಮಾರು 4 ಟನ್ ಅಂಡಾಶಯಗಳಿಂದ ಕೇವಲ 12 ಮಿಲಿಗ್ರಾಂ ಈಸ್ಟ್ರಡಯೋಲ್ ತೆಗೆಯಿತು. ಆ ದುಡಿಮೆಯನ್ನು ಊಹಿಸಿಕೊಳ್ಳಿ. 1935ರಲ್ಲಿ ಗ್ರೆಗರಿ ಪಿಂಕಸ್ ಮತ್ತು ಎಂಜ್‌ಮನ್ ಇನ್ನೊಂದು ವಿಚಿತ್ರ ಕಂಡರು. ಮೊಲದ ಅಂಡಾಣುವನ್ನು ಚೀಲದಿಂದ ಹೊರತೆಗೆದರೆ ಅದು ತಾನಾಗಿಯೇ ಪಕ್ವವಾಗಲು ತೊಡಗುತ್ತದೆ. ಅಂದರೆ ಚೀಲದೊಳಗೆ ಇರುವಾಗ ಅದನ್ನು ಯಾವುದೋ ಒಂದು ಶಕ್ತಿ ತಡೆದು ನಿಲ್ಲಿಸಿರುತ್ತದೆ, ಸಮಯ ಬರುವವರೆಗೆ ಮಲಗಿಸಿರುತ್ತದೆ. ಚೀಲದ ಗೋಡೆಯ ಕಣಗಳಿಗೂ ಅಂಡಾಣುವಿಗೂ ನಡುವೆ ಸದಾ ಮಾತುಕತೆ ನಡೆಯುತ್ತಿರುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಆ ಮಾತುಕತೆಯ ಬಹುಭಾಗ ನೀರಿನಲ್ಲಿ ಉಳಿಯುತ್ತದೆ.

ಇಷ್ಟಾದರೂ 'ಯಾವ ಅಂಡಾಣು ಒಳ್ಳೆಯದು' ಎಂಬ ಪ್ರಶ್ನೆ ಹುಟ್ಟಿರಲಿಲ್ಲ. ಕಾರಣ ಸರಳ. ಆಯ್ಕೆಗೆ ಒಂದಕ್ಕಿಂತ ಹೆಚ್ಚು ಇರಬೇಕಲ್ಲವೇ? 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿದ ಜಗತ್ತಿನ ಮೊದಲ ಪ್ರನಾಳ ಶಿಶು, ಯಾವ ಔಷಧವೂ ಇಲ್ಲದೆ ತಾನಾಗಿ ಬೆಳೆದ ಒಂದೇ ಒಂದು ಅಂಡಾಣುವಿನಿಂದ ಬಂದದ್ದು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಆ ಸಾಧನೆಯ ಮೂವರು. (ಪರ್ಡಿ ಎಂಬ ಆ ಹೆಣ್ಣುಮಗಳ ಹೆಸರು ಬಹುಕಾಲ ಹಿಂದೆಯೇ ಉಳಿಯಿತು.)

ಅದಾದ ಸರಿಯಾಗಿ ಹತ್ತು ವಾರಕ್ಕೆ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತಾದಲ್ಲಿ ಇನ್ನೊಂದು ಮಗು ಹುಟ್ಟಿತು. ಲೋಕಕ್ಕೆ ಅದರ ಹೆಸರು 'ದುರ್ಗಾ' ಎಂದಾಯಿತು. ಅದರ ಹಿಂದೆ ಇದ್ದವರು ಡಾ. ಸುಭಾಷ್ ಮುಖರ್ಜಿ. ಹಾರ್ಮೋನುಗಳನ್ನು ಅಳೆಯುವ ವಿದ್ಯೆಯನ್ನು ಎಡಿನ್‌ಬರೋದಲ್ಲಿ ಕಲಿತು ಬಂದಿದ್ದರು, ಎರಡು ಪಿಎಚ್‌ಡಿ ಪಡೆದಿದ್ದರು. ಓಲ್ಡಮ್‌ನವರು ಹಿಡಿದ ದಾರಿ ಅವರು ಹಿಡಿಯಲಿಲ್ಲ. ಚುಚ್ಚುಮದ್ದು ಕೊಟ್ಟು ಒಂದೇ ತಿಂಗಳಲ್ಲಿ ಹಲವು ಚೀಲಗಳು ಬೆಳೆಯುವಂತೆ ಮಾಡಿದರು. ಹೊಟ್ಟೆ ಕೊಯ್ಯದೆ ಯೋನಿಮಾರ್ಗದಿಂದ ಅಂಡಾಣು ತೆಗೆದರು. ಭ್ರೂಣವನ್ನು ಹೆಪ್ಪುಗಟ್ಟಿಸಿ ಇಟ್ಟು, ಗರ್ಭಕೋಶ ಸಹಜ ಸ್ಥಿತಿಗೆ ಬಂದ ಮೇಲೆ ಒಳಗಿಟ್ಟರು. ಓದುಗರೇ, ಇಂದು ನೀವು ಬೆಂಗಳೂರಿನ ಯಾವುದೇ ಐವಿಎಫ್ ಕೇಂದ್ರಕ್ಕೆ ಹೋದರೂ ನಡೆಯುವುದು ಬಹುಪಾಲು ಈ ದಾರಿಯೇ. ಹೆಪ್ಪುಗಟ್ಟಿಸಿದ ಭ್ರೂಣದಿಂದ ಹೊರದೇಶದಲ್ಲಿ ಮೊದಲ ಮಗು ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ.

ಆದರೆ ಮುಖರ್ಜಿಯವರಿಗೆ ಸಿಕ್ಕಿದ್ದೇನು? ಪಶ್ಚಿಮ ಬಂಗಾಳ ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. ಅವರು ಹೇಳಿದ್ದನ್ನು ಸಮಿತಿ ನಂಬಲಿಲ್ಲ. ತಮ್ಮ ಕೆಲಸ ವಿವರಿಸಲು ಜಪಾನಿಗೆ ಹೋಗಲು ಅನುಮತಿ ದೊರೆಯಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. ಸಂತಾನದ ಹಾರ್ಮೋನುಗಳಲ್ಲಿ ಜೀವನ ಸವೆಸಿದ ಮನುಷ್ಯನಿಗೆ ಕಣ್ಣಿನ ಸಂಸ್ಥೆಯಲ್ಲಿ ಏನು ಕೆಲಸ? ಆ ವರ್ಷದ ಜೂನ್ 19ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 50 ವರ್ಷ.

ಇಲ್ಲಿಂದ ಕಥೆ ನಮ್ಮ ಕರ್ನಾಟಕಕ್ಕೆ ಬರುತ್ತದೆ. 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶವೆಲ್ಲ ಅದನ್ನು ಕೊಂಡಾಡಿತು. ಅದರ ಹಿಂದಿದ್ದವರು ಡಾ. ಇಂದಿರಾ ಹಿಂದೂಜಾ ಮತ್ತು ಸಂತಾನ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಟಿ. ಸಿ. ಆನಂದ್ ಕುಮಾರ್. ಆನಂದ್ ಕುಮಾರ್ ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ ಹೋಪ್ ಇನ್ಫರ್ಟಿಲಿಟಿ ಕ್ಲಿನಿಕ್ ನಡೆಸಿದರು. 1997ರಲ್ಲಿ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳೂ ಪತ್ರಗಳೂ ಅವರ ಕೈಸೇರಿದವು. ಅವನ್ನು ಕುಳಿತು ಓದಿದರು, ಒಂದೊಂದು ಹಂತವನ್ನೂ ಪರಿಶೀಲಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದು, ಭಾರತದ ಮೊದಲ ಪ್ರನಾಳ ಶಿಶುವಿನ ರೂವಾರಿ ತಾವಲ್ಲ, ಮುಖರ್ಜಿಯವರು ಎಂದು ಸಾರಿದರು.

ಈ ಪ್ರಸಂಗದ ಬಳಿ ಸ್ವಲ್ಪ ನಿಲ್ಲೋಣ. 'ಮೊದಲಿಗ' ಎಂಬ ಪಟ್ಟ ಅವರ ತಲೆಯ ಮೇಲೆ ಹನ್ನೊಂದು ವರ್ಷದಿಂದ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ತೀರಿಹೋದವರು ಬಂದು ಕೇಳುವಂತೆಯೂ ಇರಲಿಲ್ಲ. ಕಾಗದಗಳನ್ನು ಓದಿ ಪಕ್ಕಕ್ಕೆ ಇಟ್ಟಿದ್ದರೆ ಲೋಕಕ್ಕೆ ತಿಳಿಯುತ್ತಲೂ ಇರಲಿಲ್ಲ. ಡೆಲ್ಫ್ಟ್‌ನ ಜಗಳವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಡಾ. ಆನಂದ್ ಕುಮಾರ್ 2010ರಲ್ಲಿ ತೀರಿಕೊಂಡರು. ನಮ್ಮ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು ಎಂಬ ಅನುಮಾನ ನನಗಿದೆ. ಹಾಗೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರೂ ಸಂತಾನ ಹಾರ್ಮೋನುಗಳ ಮೇಲೆ ದಶಕಗಳ ಕಾಲ ದುಡಿದರು. ಅವರು ಬಳಸಿದ್ದು ನಂದಿಬೆಟ್ಟದಲ್ಲಿ ನಮ್ಮ ಕೈಯಿಂದ ಕಡಲೆಕಾಯಿ ಕಸಿಯುವ ಅದೇ ಜಾತಿಯ ಕೋತಿಗಳನ್ನು.

ಈಗ ನೀರಿಗೆ ಮರಳೋಣ. ಮುಖರ್ಜಿಯವರು ಹಿಡಿದ ದಾರಿಯಲ್ಲಿ ಒಮ್ಮೆಗೇ ಹತ್ತು ಹನ್ನೆರಡು ಅಂಡಾಣು ಸಿಗಬಹುದು. ಆಗಲೇ ಪ್ರಶ್ನೆ ಎದ್ದದ್ದು: ಇವುಗಳಲ್ಲಿ ಮಗುವಾಗುವ ಯೋಗ್ಯತೆ ಇರುವುದು ಯಾವುದಕ್ಕೆ? ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ, ದುಂಡಗೆ, ತಿಳಿಯಾಗಿ ಕಾಣುತ್ತವೆ. ಅಂಡಾಣುವನ್ನು ಒಡೆದು ನೋಡುವಂತಿಲ್ಲ. ಬಿತ್ತನೆ ಕೋಠಿಯ ಸಮಸ್ಯೆಯೇ ಇಲ್ಲಿಯೂ.

ಕೇಂದ್ರದಲ್ಲಿ ನಡೆಯುವುದನ್ನು ಹೇಳುತ್ತೇನೆ. ಹತ್ತು ಹನ್ನೆರಡು ದಿನ ಚುಚ್ಚುಮದ್ದು, ನಡುನಡುವೆ ಸ್ಕ್ಯಾನಿಂಗ್. ಚೀಲಗಳು ಬೆಳೆದ ಮೇಲೆ ಕೊನೆಯ ಒಂದು ಚುಚ್ಚುಮದ್ದು. ಅದಾದ ಸುಮಾರು 36 ಗಂಟೆಗೆ ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು, ಸ್ಕ್ಯಾನಿಂಗಿನ ಚಿತ್ರ ನೋಡುತ್ತಾ ಸೂಜಿಯಿಂದ ಒಂದೊಂದೇ ಚೀಲದ ನೀರನ್ನು ಪರೀಕ್ಷಾ ನಳಿಕೆಗೆ ಹೀರುತ್ತಾರೆ. ಪಕ್ಕದ ಕೋಣೆಯಲ್ಲಿ ಕುಳಿತವರು ಅದನ್ನು ತಟ್ಟೆಗೆ ಸುರಿದು ಅಂಡಾಣುವನ್ನು ಹುಡುಕಿ ಎತ್ತಿಕೊಳ್ಳುತ್ತಾರೆ. ಹಳದಿ ಬಣ್ಣದ ಆ ನೀರನ್ನು ಚೆಲ್ಲುತ್ತಾರೆ.

ಚೆಲ್ಲುವ ಈ ನೀರಿನಲ್ಲಿ ಅಂಡಾಣುವಿನ ಜಾತಕ ಬರೆದಿರಬಹುದಲ್ಲವೇ ಎಂದು ವಿಜ್ಞಾನಿಗಳು ಯೋಚಿಸಿದರು. ಮೊದಲು ಅಳೆದದ್ದು ಹಾರ್ಮೋನುಗಳನ್ನು: ಈಸ್ಟ್ರಡಯೋಲ್ ಎಷ್ಟು, ಪ್ರೊಜೆಸ್ಟರೋನ್ ಎಷ್ಟು, ಎರಡರ ಪ್ರಮಾಣವೇನು. ಆಮೇಲೆ ಚೀಲದ ಗೋಡೆಯ ಕಣಗಳು ಸುರಿಸುವ ಎಎಂಎಚ್ ಬಂತು. (ರಕ್ತದಲ್ಲಿ ಮಾಡುವ ಎಎಂಎಚ್ ಪರೀಕ್ಷೆ ಇಂದು ಸಾಮಾನ್ಯ. ಅದು ಹೇಳುವುದು ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂಬುದನ್ನೇ ಹೊರತು ಅವುಗಳ ಗುಣವನ್ನಲ್ಲ. ಎಷ್ಟೋ ಮಂದಿ ಇದನ್ನು ತಪ್ಪಾಗಿ ತಿಳಿದು ಕಂಗಾಲಾಗುತ್ತಾರೆ.) 1997ರಲ್ಲಿ, ಅಂದರೆ ಆನಂದ್ ಕುಮಾರ್ ತಮ್ಮ ಲೇಖನ ಬರೆದ ವರ್ಷದಲ್ಲೇ, ಅಮೆರಿಕದ ಜೊನಾಥನ್ ವ್ಯಾನ್ ಬ್ಲರ್ಕಮ್ ಮತ್ತು ಸಂಗಡಿಗರು ಚೀಲದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆದರು. ಆಮ್ಲಜನಕ ತೀರಾ ಕಡಿಮೆ ಇದ್ದ ಚೀಲಗಳಿಂದ ಬಂದ ಅಂಡಾಣುಗಳಲ್ಲಿ ಕ್ರೋಮೋಸೋಮ್ ದೋಷಗಳು ಹೆಚ್ಚಾಗಿ ಕಂಡವು. ಚೀಲಕ್ಕೆ ರಕ್ತದ ಪೂರೈಕೆ ಚೆನ್ನಾಗಿದ್ದರೆ ಅಂಡಾಣುವೂ ಚೆನ್ನಾಗಿರುತ್ತದೆ ಎಂಬ ಊಹೆಗೆ ಬಲ ಬಂತು. ಆ ದಶಕದ ನಂತರ ಫ್ರಾನ್ಸಿನ ನತಾಲಿ ಲೆದೆ ಮತ್ತು ಜೊತೆಯವರು ಜಿ-ಸಿಎಸ್‌ಎಫ್ ಎಂಬ ಪ್ರೋಟೀನಿನ ಮೇಲೆ ಭರವಸೆ ಇಟ್ಟರು. ಕೊಬ್ಬಿನಾಮ್ಲಗಳು, ಹೋಮೋಸಿಸ್ಟೀನ್, ಜೀವಕೋಶಗಳನ್ನು ತುಕ್ಕು ಹಿಡಿಸುವಂಥ ಆಮ್ಲಜನಕದ ಚೂರುಗಳು, ಪುಟಾಣಿ ಆರ್‌ಎನ್‌ಎ ತುಣುಕುಗಳು, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಯಿತು. ಈಗ ಒಂದೇ ಹನಿಯಲ್ಲಿ ನೂರಾರು ವಸ್ತುಗಳನ್ನು ಒಟ್ಟಿಗೆ ಅಳೆಯುವ ಯಂತ್ರಗಳಿವೆ.

ಇಷ್ಟಾದರೂ ಒಂದು ಗುರುತಾದರೂ ಚಿಕಿತ್ಸೆಯಲ್ಲಿ ದಿನನಿತ್ಯ ಬಳಸುವ ಪರೀಕ್ಷೆಯಾಗಿ ನಿಲ್ಲಲಿಲ್ಲ. ಒಂದು ಊರಿನಲ್ಲಿ ಒಳ್ಳೆಯದೆಂದು ಕಂಡ ಅಂಕಿ ಇನ್ನೊಂದು ಊರಿನಲ್ಲಿ ಹಾಗೆ ಕಾಣಲಿಲ್ಲ. ಕಾರಣಗಳು ಹಲವು. ಸೂಜಿ ಚುಚ್ಚುವಾಗ ರಕ್ತ ಬೆರೆತರೆ ಅಳತೆ ಕೆಟ್ಟಿತು. ಎರಡು ಚೀಲಗಳ ನೀರು ಒಂದೇ ನಳಿಕೆಗೆ ಬಿದ್ದರೆ ಯಾವ ನೀರು ಯಾವ ಅಂಡಾಣುವಿನದು ಎಂದು ಹೇಳುವವರಾರು? ಪ್ರತಿ ಚೀಲಕ್ಕೂ ಬೇರೆ ನಳಿಕೆ, ಪ್ರತಿ ಅಂಡಾಣುವಿಗೂ ಬೇರೆ ತಟ್ಟೆ ಇಟ್ಟು ಕೊನೆಯವರೆಗೆ ಲೆಕ್ಕ ಇಡಬೇಕು. ಕೈತುಂಬ ಕೆಲಸವಿರುವ ಕೇಂದ್ರದಲ್ಲಿ ಇದು ಸುಲಭವಲ್ಲ. ಅಂಡಾಣು ಕೆಲವೇ ಗಂಟೆಗಳಲ್ಲಿ ವೀರ್ಯಾಣುವನ್ನು ಸೇರಬೇಕು, ಎಷ್ಟೋ ಪರೀಕ್ಷೆಗಳ ಫಲಿತಾಂಶಕ್ಕೆ ದಿನಗಳೇ ಬೇಕು. ಕೊನೆಗೆ ಗರ್ಭ ನಿಲ್ಲದಿದ್ದರೆ ತಪ್ಪು ಅಂಡಾಣುವಿನದೋ, ವೀರ್ಯಾಣುವಿನದೋ, ಗರ್ಭಕೋಶದ್ದೋ ಎಂದು ಬೇರ್ಪಡಿಸುವುದೂ ಕಷ್ಟ.

ಇವೆಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ರೇಷ್ಮೆ ಮೊಟ್ಟೆಯನ್ನು ನೆನೆದರೆ ತಿಳಿಯುತ್ತದೆ. ಪಾಶ್ಚರ್ ಹುಡುಕುತ್ತಿದ್ದದ್ದು ಒಂದೇ ಶತ್ರುವನ್ನು. ಗಂಟುರೋಗದ ಕಣ ಇದೆ ಅಥವಾ ಇಲ್ಲ, ನಡುವೆ ಮೂರನೆಯದಿಲ್ಲ. ಮನುಷ್ಯರ ಅಂಡಾಣು ಕೆಡುವುದು ಯಾವುದೋ ಒಂದು ರೋಗಾಣುವಿನಿಂದಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಹೊಸದು ಮತ್ತೆ ಹುಟ್ಟುವುದಿಲ್ಲ. 35 ವರ್ಷದ ಹೆಂಗಸಿನ ಅಂಡಾಣುವಿಗೂ 35 ವರ್ಷ ದಾಟಿರುತ್ತದೆ. ಕಾಲ ಕಳೆದಂತೆ ಕ್ರೋಮೋಸೋಮ್‌ಗಳನ್ನು ಸಮನಾಗಿ ಹಂಚುವ ಅದರ ಶಕ್ತಿ ಕುಂದುತ್ತದೆ. ಆ ಕುಂದು ಒಳಗಿನದು, ಹೊರಗಿನ ನೀರಿನ ಮೇಲೆ ಅದರ ನೆರಳು ಮಾತ್ರ ಬೀಳುತ್ತದೆ. ನೆರಳು ನೋಡಿ ಮನುಷ್ಯನ ಮುಖ ಗುರುತಿಸುವಷ್ಟೇ ಕಷ್ಟದ ಕೆಲಸ ಇದು.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳಲ್ಲಿ ಮದುವೆಯಾಗಿ ಮೂರು ವರ್ಷ ಕಳೆದರೆ ಸೊಸೆಯ ಮೇಲೆ ಬೀಳುವ ನೋಟ ಎಂಥದೆಂದು ನಾನು ಬರೆಯಬೇಕಾಗಿಲ್ಲ. ಕೊರತೆ ಗಂಡಸಿನಲ್ಲೂ ಅಷ್ಟೇ ಇರಬಹುದು ಎಂಬುದನ್ನು ವೈದ್ಯರು ಎಷ್ಟು ಹೇಳಿದರೂ ಮನೆಯೊಳಗೆ ಆ ಮಾತು ಇಳಿಯುವುದು ನಿಧಾನ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಈ ತೊಂದರೆ ಅನುಭವಿಸುತ್ತಾರೆ. ಚಿಕಿತ್ಸೆ ಸೋತಾಗ ಅನೇಕ ಕಡೆ ಕೊಡುವ ಸಲಹೆ, ಬೇರೊಬ್ಬ ಹೆಂಗಸಿನ ದಾನದ ಅಂಡಾಣು ಬಳಸಿ ಎಂಬುದು. 2021ರ ಕಾನೂನು ಇದಕ್ಕೆ ಒಪ್ಪಿಗೆ ಕೊಟ್ಟಿದೆ. ದಾನಿಗೆ 23ರಿಂದ 35 ವರ್ಷ ಆಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ ಎಂದು ಕಟ್ಟು ಹಾಕಿದೆ. ಆದರೆ ನಮ್ಮ ಅನೇಕ ಮನೆಗಳಿಗೆ ಆ ಬಾಗಿಲು ಮುಚ್ಚಿದೆ. 1980ರಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಜಾದ್ ಅಲ್-ಹಕ್ ಅವರು ಗಂಡ ಹೆಂಡತಿಯರದೇ ಆದ ಬೀಜದಿಂದ ಈ ಚಿಕಿತ್ಸೆ ಪಡೆಯಬಹುದು, ಮೂರನೆಯವರದು ಸಲ್ಲದು ಎಂದು ಫತ್ವಾ ನೀಡಿದರು. ಸುನ್ನಿ ವಿದ್ವಾಂಸರಲ್ಲಿ ಬಹುಪಾಲು ಮಂದಿ ಅದನ್ನೇ ಹಿಡಿದಿದ್ದಾರೆ. ಅಂಥ ದಂಪತಿಗೆ ಇರುವುದು ತಮ್ಮದೇ ನಾಲ್ಕಾರು ಅಂಡಾಣು. ಅವುಗಳಲ್ಲಿ ಒಳ್ಳೆಯದು ಯಾವುದು ಎಂಬ ಪ್ರಶ್ನೆ ಅವರ ಪಾಲಿಗೆ ಪುಸ್ತಕದ ಪ್ರಶ್ನೆಯಲ್ಲ.

ಆದ್ದರಿಂದಲೇ ಎಚ್ಚರವೂ ಬೇಕು. ಹೊಲ ಅಡವಿಟ್ಟು, ಒಡವೆ ಮಾರಿ ಚಿಕಿತ್ಸೆಗೆ ಹೋಗುವವರ ಮುಂದೆ ಇನ್ನೂ ಸಾಬೀತಾಗದ ಪರೀಕ್ಷೆಯೊಂದನ್ನು ಬಿಲ್ಲಿನಲ್ಲಿ ಸೇರಿಸಿದರೆ ಕೇಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು? ಓದಿದ ತಮ್ಮನೋ ತಂಗಿಯೋ ಜೊತೆಗೆ ಹೋಗಿ ಮೂರು ಮಾತು ಕೇಳಲಿ. ಈ ಕೇಂದ್ರ 2021ರ ಕಾನೂನಿನಂತೆ ನೋಂದಣಿಯಾಗಿದೆಯೇ? ಈ ಪರೀಕ್ಷೆಯ ಫಲಿತಾಂಶ ನೋಡಿ ನೀವು ಚಿಕಿತ್ಸೆಯಲ್ಲಿ ಏನನ್ನು ಬದಲಿಸುತ್ತೀರಿ? ಸಂಶೋಧನೆಗಾಗಿ ಮಾಡುತ್ತಿದ್ದರೆ ಅದರ ಹಣವನ್ನು ನಾವೇಕೆ ಕೊಡಬೇಕು? ಸಂಶೋಧನೆ ಬೇಡ ಎಂದು ನಾನು ಹೇಳುತ್ತಿಲ್ಲ. ಮಣಿಪಾಲದಂಥ ಕಡೆ ಭ್ರೂಣಶಾಸ್ತ್ರವನ್ನೇ ಓದುವ ಅವಕಾಶ ಇದೆ. ನಮ್ಮ ಪಿಯುಸಿ ವಿಜ್ಞಾನದ ಹುಡುಗಿಯರು ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಹೆಸರುಗಳ ಆಚೆಗೂ ಕಣ್ಣು ಹಾಯಿಸಬಹುದು.

ಸಂಶೋಧನೆ ನಡೆಯುವ ಆಸ್ಪತ್ರೆಗಳಲ್ಲಿ, ಆ ಹೆಣ್ಣುಮಗಳು ಎಲ್ಲ ತಿಳಿದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೆ, ಅಂಡಾಣು ಎತ್ತಿಕೊಂಡ ಮೇಲೆ ಉಳಿದ ಆ ಹಳದಿ ನೀರನ್ನು ಚೆಲ್ಲುವುದಿಲ್ಲ. ಯಂತ್ರದಲ್ಲಿ ಗಿರಗಿರ ತಿರುಗಿಸಿ ರಕ್ತದ ಕಣಗಳನ್ನು ಬೇರ್ಪಡಿಸಿ, ಕಿರುಬೆರಳಿನ ತುದಿಯಷ್ಟಿರುವ ಸೀಸೆಗಳಿಗೆ ತುಂಬಿ, ಹೆಸರಿನ ಬದಲು ಸಂಖ್ಯೆ ಬರೆದು, ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತಕದಲ್ಲಿ ಇಡುತ್ತಾರೆ. ಆ ಸಂಖ್ಯೆಯ ಎದುರಿಗೆ ಪುಸ್ತಕದಲ್ಲಿ ಒಂದು ಖಾಲಿ ಅಂಕಣ ಇರುತ್ತದೆ. ಮಗು ಹುಟ್ಟಿತೋ ಇಲ್ಲವೋ ಎಂಬುದನ್ನು ಅಲ್ಲಿ ಬರೆಯಲು ಒಂಬತ್ತು ತಿಂಗಳು ಕಾಯಬೇಕು.